ಹಳೆಯ ಕಟ್ಟಡ ಉಳಿಯಬೇಕಾದರೆ ಕಸುಬುದಾರ ಉಳಿಯಬೇಕು

(ರಾಜಾಜಿನಗರದಲ್ಲಿ ಕಟ್ಟಡ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಈ ರಾಜಾಜಿನಗರ 1949ರಲ್ಲಿ ಕೈಗಾರಿಕಾ ಉಪನಗರವಾಗಿ ಆರಂಭವಾಯಿತು. ಇಲ್ಲಿಂದ ಕೆಂಗೇರಿಯವರೆಗೆ ಎದ್ದಿರುವ ಮನೆಮಠವೆಲ್ಲ ನಿಮ್ಮಂಥವರ ಕೈಯಿಂದ ಎದ್ದದ್ದು. ಹೊಸದನ್ನು ಕಟ್ಟುವ ಕೆಲಸವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಈ ಹೊತ್ತಿನ ಮಾತು ಹಳೆಯದನ್ನು ಕಾಯುವ ಕೆಲಸದ್ದು. ಆ ಕೆಲಸ ಯಾರದು, ಅದರಲ್ಲಿ ಯಾರ ಮಾತು ನಡೆಯಬೇಕು ಎಂಬುದೇ ಪ್ರಶ್ನೆ.

ಕಬ್ಬನ್ ಪಾರ್ಕಿನ ಬದಿಯ ಕೆಂಪು ಕಟ್ಟಡ ಅಠಾರಾ ಕಚೇರಿಯನ್ನು ತಾವೆಲ್ಲ ನೋಡಿದ್ದೀರಿ. ಅದು 1860ರ ದಶಕದ್ದು. ಮೈಸೂರು ಸರ್ಕಾರದ ಹದಿನೆಂಟು ಇಲಾಖೆಗಳು ಅಲ್ಲಿದ್ದುದರಿಂದ ಆ ಹೆಸರು. ಈಗ ಅಲ್ಲಿ ಹೈಕೋರ್ಟು ಇದೆ. 1980ರ ದಶಕದ ಮೊದಲಲ್ಲಿ ಸರ್ಕಾರ ಅದನ್ನು ಕೆಡವಲು ಹೊರಟಿತು. ನಾಗರಿಕರು ಕೋರ್ಟಿನ ಮೆಟ್ಟಿಲು ಹತ್ತಿದರು, ಕಟ್ಟಡ ಉಳಿಯಿತು. ಸಂತೋಷ. ಆದರೆ ಕಾಗದದ ಮೇಲೆ ಉಳಿದ ಕಟ್ಟಡವನ್ನು ಮಳೆಯಿಂದ ಉಳಿಸುವವರು ಯಾರು? ವಕೀಲರಲ್ಲ, ಗಾರೆಯವರು.

ಆ ಕಾಲದ ಗೋಡೆಗಳು ಸುಣ್ಣದ ಗಾರೆಯವು. ಸುಟ್ಟ ಸುಣ್ಣವನ್ನು ನೀರಲ್ಲಿ ನೆನೆಹಾಕಿ, ದಿನಗಟ್ಟಲೆ ಬಿಟ್ಟು, ಮರಳು, ಇಟ್ಟಿಗೆ ಪುಡಿ ಸೇರಿಸಿ ಗಾಣದಲ್ಲಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸುವ ವಾಡಿಕೆಯೂ ಇತ್ತು. ಅಂಥ ಗೋಡೆ ಮಳೆಗಾಲದಲ್ಲಿ ತೇವ ಕುಡಿದು ಬೇಸಿಗೆಯಲ್ಲಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವಕ್ಕೆ ಹೊರದಾರಿ ಇಲ್ಲ. ನೀರು ಒಳಗೇ ನಿಂತು, ಉಪ್ಪು ಹೂವೆದ್ದು, ಇಟ್ಟಿಗೆ ಪುಡಿಯಾಗುತ್ತದೆ. ಹೊರಗೆ ನುಣುಪು, ಒಳಗೆ ಹುಳುಕು. ಗಿಲಾವು ಕಳಚಿ ಬಿದ್ದ ದಿನ “ಹಳೆಯದಾಗಿತ್ತು, ಬಿತ್ತು” ಎನ್ನುತ್ತಾರೆ. ಅನೇಕ ಸಲ ಅದನ್ನು ಕೆಡವುವುದು ವಯಸ್ಸಲ್ಲ, ತಪ್ಪು ರಿಪೇರಿ. ಅದಕ್ಕಿಂತ ಹೆಚ್ಚಾಗಿ, ರಿಪೇರಿಯೇ ಇಲ್ಲದಿರುವುದು. ಸಂದಿನಲ್ಲಿ ಮೊಳೆತ ಅರಳಿ ಗಿಡವನ್ನು ಎಳೆಯದಿರುವಾಗಲೇ ಕೀಳುವುದು, ತಾರಸಿಯ ನೀರು ಹೋಗುವ ತೂಬನ್ನು ಮಳೆಗೆ ಮುಂಚೆ ತೆಗೆಸುವುದು, ಇವು ಒಂದು ದಿನದ ಕೂಲಿಯ ಕೆಲಸ. ಇದನ್ನು ಬಿಟ್ಟರೆ ಮುಂದೆ ಲಕ್ಷಗಟ್ಟಲೆ ಖರ್ಚು.

ಇದು ಬರಿಯ ಅಂದಚಂದದ ವಿಷಯವಲ್ಲ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. ಅದರ ಕೆಳಗೆ ಅಂಗಡಿ ಇಟ್ಟುಕೊಂಡು ಸಣ್ಣ ವ್ಯಾಪಾರಿಗಳು ಬದುಕಿದ್ದರು. 2012ರ ಆಗಸ್ಟಿನಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟಿನಲ್ಲಿ ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ವ್ಯಾಪಾರಿ ಮಿತ್ರರೇ, ಗಾರೆಯವನ ಕೂಲಿಯಲ್ಲಿ ಮಾಡಿದ ಉಳಿತಾಯದ ಬೆಲೆಯನ್ನು ನೀವು ತೆರುತ್ತೀರಿ. ಒಂದು ಕಸುಬು ಮುಚ್ಚಿಹೋದರೆ ಏನಾಗುತ್ತದೆಂದು ಬಿನ್ನಿ, ಮಿನರ್ವ ಮಿಲ್ಲುಗಳಲ್ಲಿ ದುಡಿದ ಮನೆಯವರಿಗೆ ಹೇಳಬೇಕಾಗಿಲ್ಲ.

ಇನ್ನು ವಿಧಾನಸೌಧ. 1951ರಲ್ಲಿ ನೆಹರೂ ಅಡಿಗಲ್ಲಿಟ್ಟರು, ಕೆಂಗಲ್ ಹನುಮಂತಯ್ಯನವರು ಹಟ ಹಿಡಿದು ಕಟ್ಟಿಸಿದರು, 1956ರಲ್ಲಿ ಮುಗಿಯಿತು. ಕಲ್ಲುಕುಟಿಗರು, ಬಡಗಿಗಳು, ಕೂಲಿಗಳು ದುಡಿದರು. ಜೈಲಿನ ಕೈದಿಗಳೂ ದುಡಿದರು. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಮೇಲೆ ಕೆತ್ತಿದೆ. ಕೆತ್ತಿದವನ ಹೆಸರು ಅದರ ಪಕ್ಕದಲ್ಲಿಲ್ಲ.

ಅಲ್ಲಿ ಪೊಲೀಸ್ ಕಾವಲುಂಟು, ಪಾಸಿಲ್ಲದೆ ಒಳಗೆ ಬಿಡುವುದಿಲ್ಲ. ಸರಿಯೇ. ಆದರೆ ಟೆಂಡರಿಗೊಂದು ಗುಂಪು ಬಂದು ಹೋಗುತ್ತಿದ್ದರೆ ಅಪರಿಚಿತರು ಹೆಚ್ಚುತ್ತಾರೆಯೇ ಹೊರತು ಭದ್ರತೆ ಹೆಚ್ಚುವುದಿಲ್ಲ. ವೈರು ಎಳೆಯಲು ಎಲ್ಲಿ ತೂತು ಕೊರೆಯಬಹುದು, ಎಲ್ಲಿ ಕೊರೆಯಕೂಡದು ಎಂಬುದು ಆ ಗೋಡೆಯ ಜತೆ ವರ್ಷಗಟ್ಟಲೆ ಇದ್ದವನಿಗೆ ಗೊತ್ತು. ಕಾವಲಿನವರು ಮುಖ ಗುರುತಿಸುವ ಕಾಯಂ ಮೇಸ್ತ್ರಿಯೇ ಕಟ್ಟಡಕ್ಕೂ ಕ್ಷೇಮ, ಸರ್ಕಾರಕ್ಕೂ ಕ್ಷೇಮ.

“ಕಾನೂನು ಬಿಡುವುದಿಲ್ಲ, ಕಡಿಮೆ ಕೂಗಿದವನಿಗೇ ಕೊಡಬೇಕು” ಎಂಬ ಉತ್ತರ ಬರುತ್ತದೆ. ಇದು ಅರ್ಧ ಸತ್ಯ. ಸರ್ಕಾರಿ ಖರೀದಿಯ ಪಾರದರ್ಶಕತೆಗೆಂದು ಕರ್ನಾಟಕ 1999ರಲ್ಲಿ ಮಾಡಿದ ಕಾಯಿದೆ ಕಡಿಮೆ ದರದ ಟೆಂಡರನ್ನು ಒಪ್ಪಬೇಕೆನ್ನುತ್ತದೆ, ನಿಜ. ಆದರೆ ಅಳೆಯುವ ಷರತ್ತುಗಳನ್ನು ಟೆಂಡರಿನಲ್ಲೇ ಮೊದಲು ಬರೆಯಬೇಕೆಂದೂ ಹೇಳುತ್ತದೆ. ಸುಣ್ಣದ ಗಾರೆ ಬಲ್ಲ ಮೇಸ್ತ್ರಿ ಇರಲೇಬೇಕೆಂದು ಬರೆಯುವುದಕ್ಕೆ ಯಾರ ಅಡ್ಡಿ? ಮನಸ್ಸಿಲ್ಲದಿರುವುದೇ ಅಡ್ಡಿ.

ಆದ್ದರಿಂದ ನಮ್ಮ ಬೇಡಿಕೆಗಳು ನಾಲ್ಕು. ಒಂದು, ಪ್ರತಿಯೊಂದು ಹಳೆಯ ಸಾರ್ವಜನಿಕ ಕಟ್ಟಡಕ್ಕೂ ತಿಂಗಳ ಸಂಬಳದ ಗಾರೆಯವರು, ಬಡಗಿಗಳು, ಕಲ್ಲುಕುಟಿಗರು ಬೇಕು. ಎರಡು, ಅವರ ಕೈಕೆಳಗೆ ಹುಡುಗ ಹುಡುಗಿಯರು ಭತ್ಯೆ ಪಡೆದು ಕಲಿಯಬೇಕು; ಜೀವಮಾನವೆಲ್ಲ ಬಾಂಡಲಿ ಹೊರುವ ಚಿತ್ತಾಳು ಹೆಂಗಸಿಗೂ ಕರಣೆ ಹಿಡಿಯುವ ಹಕ್ಕಿರಬೇಕು. ಮೂರು, ಕಾನೂನಿನಂತೆ ಕಟ್ಟಡದ ವೆಚ್ಚದಲ್ಲಿ ಶೇ. 1ರಂತೆ ಸೇರುವ ಸೆಸ್ಸು ಕೆಲಸಗಾರರ ಹಣ. ಅದು ಕೆಲಸಗಾರರಿಗೇ ಮುಟ್ಟಬೇಕು. ನಾಲ್ಕು, ರಿಪೇರಿಯ ಅಂದಾಜು ಬರೆಯುವಾಗ ಎಂಜಿನಿಯರು ಮೇಸ್ತ್ರಿಯನ್ನು ಕೇಳಿ ಬರೆಯಬೇಕು.

ವರ್ಷಕ್ಕೆ 90 ದಿನ ದುಡಿದ ಕಟ್ಟಡ ಕೆಲಸಗಾರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. ಬರೆಸದವರು ನಾಳೆಯೇ ಬರೆಸಿ. ಬಿಡಿಬಿಡಿಯಾಗಿದ್ದರೆ ಇಟ್ಟಿಗೆ, ಒಟ್ಟುಗೂಡಿದರೆ ಗೋಡೆ. ಇದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?