ನೆಟ್ ಊರಿಗೆ ಬಂತು, ತೋಟಕ್ಕೆ ಬರಲಿಲ್ಲ
(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಪಾಠ)



ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಮೊಬೈಲ್ ಇಂಟರ್‌ನೆಟ್ ಬೆಳೆದು ಬಂದ ದಾರಿಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ನಮಗೆ ಅಪ್ಪಣೆಯಾಗಿದೆ. ಸಹಕಾರ ಸಂಘದ ಸಭೆಯಲ್ಲಿ ಈ ವಿಷಯ ಯಾಕ್ರಿ ಎಂದು ಕೆಲವರು ಕೇಳಿದರು. ಸಾಲ ಜಮಾ ಆದ ಸುದ್ದಿ, ಕಬ್ಬಿನ ಬಿಲ್ಲು, ಪಡಿತರದ ಹೆಬ್ಬೆಟ್ಟು, ಬೆಳೆ ಸಮೀಕ್ಷೆ ಎಲ್ಲವೂ ಈಗ ಆ ಟವರನ್ನೇ ನಂಬಿಕೊಂಡು ನಡೆದಿರುವಾಗ ಇಲ್ಲಿ ಬಿಟ್ಟು ಬೇರೆಲ್ಲಿ ಮಾತಾಡೋಣ?

ಟ್ರಂಕ್ ಕಾಲ್ ಬುಕ್ ಮಾಡಿ ಪೋಸ್ಟ್ ಆಫೀಸಿನ ಕಟ್ಟೆಯ ಮೇಲೆ ಅರ್ಧ ದಿವಸ ಕೂತದ್ದು ಹಿರಿಯರಿಗೆ ನೆನಪಿದೆ. 1986ರಲ್ಲಿ ನೆರೆಯ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆಯ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾಯಿತು. ದೇಶದಲ್ಲಿ ಆ ಮಾದರಿಯ ಮೊದಲನೆಯದು ಅದು. ನಮ್ಮ ಬಿಸಿಲು, ನಮ್ಮ ಧೂಳನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಏರ್ ಕಂಡಿಶನ್ ಇಲ್ಲದೆ ನಡೆಯುವಂತೆ ಅದನ್ನು ಮಾಡಿದ್ದರು. ಹಳ್ಳಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾಡಿದ ಕೆಲಸವೆಂದರೆ ಅದು. ಆಮೇಲೆ ಬಂದ ನಿಸ್ತಂತು ಇಂಟರ್‌ನೆಟ್ಟಿನ ಕಥೆ ಹಾಗಲ್ಲ.

ಆ ಕಥೆ ಶುರುವಾದದ್ದು ಜಪಾನಿನಲ್ಲಿ. 2001ರ ಅಕ್ಟೋಬರ್ 1ರಂದು ಎನ್.ಟಿ.ಟಿ. ಡೊಕೊಮೊ ಕಂಪನಿ ಟೋಕಿಯೋ ಮತ್ತು ಸುತ್ತಮುತ್ತ 3ಜಿ ಸೇವೆ ತೆರೆಯಿತು. ಮೇ ತಿಂಗಳಲ್ಲೇ ತೆರೆಯಬೇಕಿತ್ತು, ತಯಾರಿ ಸಾಲದೆ ಮುಂದೆ ಹೋಯಿತು. ವೇಗ ಸೆಕೆಂಡಿಗೆ 384 ಕಿಲೋಬಿಟ್. ಅಂದರೆ ಒಂದು ಎಂ.ಬಿ. ಫೋಟೋ ಹಳೆಯ 2ಜಿಯಲ್ಲಿ ಮೂರು ನಿಮಿಷ ಹಿಡಿದರೆ ಅಲ್ಲಿ ಇಪ್ಪತ್ತು ಚಿಲ್ಲರೆ ಸೆಕೆಂಡು. ಆದರೆ ಮೊದಲ ಫೋನುಗಳ ಬ್ಯಾಟರಿ ಬೇಗ ಮುಗಿಯುತ್ತಿತ್ತು, ಊರ ಹೊರಗೆ ಹೋದರೆ ಸಿಗ್ನಲ್ಲೇ ಇಲ್ಲ. ಜಪಾನಿನವರೂ ಮೊದಲು ಹೀಗೇ ಒದ್ದಾಡಿದರು ಎಂದು ತಿಳಿದರೆ ನಮಗೂ ಸ್ವಲ್ಪ ಸಮಾಧಾನ!

ಯುರೋಪಿನಲ್ಲಿ ಬೇರೆ ಪೇಚಾಟ. ಅಲೆಗಳನ್ನು ಹರಾಜಿಗೆ ಹಾಕಿದರು. 2000ದಲ್ಲಿ ಬ್ರಿಟನ್ ಸರ್ಕಾರಕ್ಕೆ ಬಂದದ್ದು ಸುಮಾರು 2,250 ಕೋಟಿ ಪೌಂಡು. ಜರ್ಮನಿಗೆ ಅದಕ್ಕಿಂತಲೂ ಹೆಚ್ಚು. ಹರಾಜಿನಲ್ಲಿ ಎತ್ತು ಹಿಡಿದು, ಮೇವಿಗೆ ದುಡ್ಡಿಲ್ಲ ಎಂದವರಂತೆ ಕಂಪನಿಗಳು ಸಾಲದಲ್ಲಿ ಮುಳುಗಿದವು, ಟವರ್ ಕೆಲಸ ಹಿಂದೆ ಬಿತ್ತು. ಸ್ವೀಡನ್ ದೇಶ ಹರಾಜು ಮಾಡಲಿಲ್ಲ. ಯಾರು ಹೆಚ್ಚು ಜನರಿಗೆ ಮುಟ್ಟಿಸುತ್ತೀರಿ ಹೇಳಿ ಎಂದಿತು. 2003 ಮುಗಿಯುವುದರೊಳಗೆ 88 ಲಕ್ಷ 60 ಸಾವಿರ ಜನರಿಗೆ ಮುಟ್ಟಿಸುತ್ತೇವೆ ಎಂದು ಕಂಪನಿಗಳು ಬರೆದುಕೊಟ್ಟವು. ಆ ದೇಶದ ಜನಸಂಖ್ಯೆಯೇ ಹೆಚ್ಚು ಕಡಿಮೆ ಅಷ್ಟು. ಮಾತಿನ ಪ್ರಕಾರ ಗಡುವಿಗೆ ಮುಟ್ಟಿಸಲಾಗಲಿಲ್ಲ, ಅದು ನಿಜ. ಆದರೆ ಬರೆದುಕೊಟ್ಟ ಮಾತಿಗಾಗಿ ಪೈಪೋಟಿಯ ಕಂಪನಿಗಳೇ ಕೂಡಿ ಒಂದೇ ಜಾಲ ಕಟ್ಟಬೇಕಾಯಿತು. ಸಹಕಾರ ಎಂಬುದು ನಮಗೆ ಹೊಸದಲ್ಲ, ಅವರಿಗೆ ಗಡುವು ಕಲಿಸಿತು.

ನಮ್ಮ ದೇಶಕ್ಕೆ 3ಜಿ ಬಂದದ್ದು 2008ರ ಡಿಸೆಂಬರಿನಲ್ಲಿ, ದೆಹಲಿಯ ಎಂ.ಟಿ.ಎನ್.ಎಲ್. ಮೂಲಕ. ಖಾಸಗಿಯವರಿಗೆ 2010ರಲ್ಲಿ 34 ದಿನ ಹರಾಜು ನಡೆದು ಸರ್ಕಾರಕ್ಕೆ 67,719 ಕೋಟಿ ರೂಪಾಯಿ ಬಂತು. ಕರಾರು ಏನಿತ್ತು ಗೊತ್ತೇನ್ರಿ? ಕರ್ನಾಟಕದಂತಹ ವೃತ್ತದಲ್ಲಿ ಐದು ವರ್ಷದೊಳಗೆ ಜಿಲ್ಲಾ ಕೇಂದ್ರಗಳ ಪೈಕಿ ಅರ್ಧದಷ್ಟನ್ನು ಮುಟ್ಟಬೇಕು. ಗ್ರಾಮೀಣ ಭಾಗಕ್ಕೆ ಒಂದು ಸಣ್ಣ ಪಾಲು, ಅಷ್ಟೆ. ಸ್ವೀಡನ್ನಿನವರು ತಲೆ ಎಣಿಸಿದರು, ನಮ್ಮವರು ಜಿಲ್ಲಾ ಕೇಂದ್ರ ಎಣಿಸಿದರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಯಾವುದೂ ಆ ಎಣಿಕೆಯೊಳಗೆ ಬರುವ ಊರಲ್ಲ.

4ಜಿ ಕೂಡ ಹಾಗೆಯೇ. ಜಗತ್ತಿನಲ್ಲಿ ಮೊದಲು 2009ರ ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್ ಮತ್ತು ಓಸ್ಲೋ. ನಮ್ಮಲ್ಲಿ 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತ, ಮೇ ತಿಂಗಳಲ್ಲಿ ಬೆಂಗಳೂರು. ಆಗ ಅದು ಫೋನಿನಲ್ಲಿ ಇರಲಿಲ್ಲ, ಕಂಪ್ಯೂಟರಿಗೆ ಸಿಗಿಸುವ ಡಾಂಗಲ್‌ನಲ್ಲಿ ಬರುತ್ತಿತ್ತು. ಆ ಜಾಲ ನಡೆದದ್ದು 2300 ಮೆಗಾಹರ್ಟ್ಸ್ ಅಲೆಯ ಮೇಲೆ. ಇದನ್ನು ಸ್ವಲ್ಪ ತಿಳಿಯಬೇಕು. ಡೊಳ್ಳಿನ ದಪ್ಪ ಸದ್ದು ಹೊಲ ದಾಟಿ ಕೇಳುತ್ತದೆ, ತಾಳದ ಸಣ್ಣ ಸದ್ದು ಗುಡಿಯ ಕಟ್ಟೆ ದಾಟುವುದು ಕಷ್ಟ. ಅಲೆಯದೂ ಸುಮಾರು ಅದೇ ಗುಣ. 700, 800, 900ರ ಅಲೆ ದೂರ ಹೋಗುತ್ತದೆ, 2300ರದ್ದು ಬೇಗ ಸೊರಗುತ್ತದೆ. ಎತ್ತರ ಬೆಳೆದ ಕಬ್ಬು, ದಪ್ಪ ಮಣ್ಣಿನ ಗೋಡೆ ಎದುರಾದರಂತೂ ಮುಗಿಯಿತು. ಹಳ್ಳಿಗೆ ಬೇಕಾದದ್ದು ಡೊಳ್ಳು, ಮೊದಲು ಬಂದದ್ದು ತಾಳ.

ಒಳ್ಳೆಯದನ್ನೂ ಹೇಳಬೇಕು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ದರ ಇಳಿಯಿತು, ಹಳ್ಳಿಗಳಿಗೂ 4ಜಿ ಹಬ್ಬಿತು. ಬನಹಟ್ಟಿಯ ನೇಕಾರ ಸೀರೆಯ ಸೆರಗಿನ ಫೋಟೋವನ್ನು ಮಗ್ಗದ ಮುಂದೆ ಕೂತೇ ವ್ಯಾಪಾರಿಗೆ ಕಳಿಸುತ್ತಾನೆ. ನಮ್ಮ ಸಂಘದಲ್ಲೂ ಲೆಡ್ಜರಿನ ಕಟ್ಟು ಕಡಿಮೆಯಾಗಿವೆ. ಆದರೆ ಒ.ಟಿ.ಪಿ. ಬರಲಿಲ್ಲವೆಂದು ನಮ್ಮ ಕಾರ್ಯದರ್ಶಿಗಳು ಬೇವಿನ ಗಿಡದ ಕೆಳಗೆ ಆರತಿ ಎತ್ತಿದ ಹಾಗೆ ಫೋನ್ ಎತ್ತಿ ನಿಂತದ್ದನ್ನು ನೋಡದವರು ಇಲ್ಲಿ ಯಾರೂ ಇಲ್ಲ.

ನಗುವ ಮಾತು ಅಷ್ಟೆ ಆಗಿದ್ದರೆ ಬಿಡಬಹುದಿತ್ತು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಏರಿ ಬಂದವು. ಕರೆಂಟ್ ಹೋದ ಮರುದಿನ ನಮ್ಮ ಭಾಗದ ಟವರೂ ಬಂದ್ ಆಯಿತು. ಅದರ ಬುಡದ ಬ್ಯಾಟರಿ ಎಷ್ಟು ತಾಸು ತಡೆದೀತು? ಹೊಳೆಗೆ ಎಷ್ಟು ನೀರು ಬಿಟ್ಟರು, ಸೇತುವೆ ಮುಳುಗಿತೋ ಉಳಿಯಿತೋ ತಿಳಿಯದೆ ಹುಡುಗರು ದಿಬ್ಬ ಹುಡುಕಿಕೊಂಡು ಅಲೆದರು. ತೋಟದ ವಸತಿಯ ಒಂದು ಮನೆಗೆ ಸುದ್ದಿ ಮುಟ್ಟಿಸಲು ರಾತ್ರಿ ಟ್ರ್ಯಾಕ್ಟರ್ ಕಳಿಸಬೇಕಾಯಿತು. ಮಂದಿ ಉಳಿದರು, ಎರಡು ಎಮ್ಮೆ ಹೋದವು. ಮುಂದಿನ ವರ್ಷ ಕೊರೋನಾದಲ್ಲಿ ಶಾಲೆ ಮುಚ್ಚಿ ಪಾಠ ಮೊಬೈಲಿಗೆ ಬಂದಾಗ ಅದೇ ತೋಟದ ಮಕ್ಕಳು ಕಾಲುವೆಯ ಏರಿಯ ಮೇಲೆ ಕೂತು ಕಲಿತರು. "ಮನಿಯಾಗ ನೆಟ್ ಬರವಲ್ದರೀ ಸರ್" ಎಂಬ ಮಾತನ್ನು ಮಾಸ್ತರರು ಮೊದಮೊದಲು ನೆವ ಎಂದೇ ತಿಳಿದಿದ್ದರು.

ಕಂಪನಿಗೆ ಎರಡು ಸಲ ಅರ್ಜಿ ಕೊಟ್ಟೆವು. "ನಿಮ್ಮ ಗ್ರಾಮದಲ್ಲಿ ಸೇವೆ ಲಭ್ಯವಿದೆ" ಎಂದು ಉತ್ತರ ಬಂತು. ಅದು ಸುಳ್ಳಲ್ಲ. ಅಗಸಿಯಲ್ಲಿ ನಿಂತರೆ ಸಿಗ್ನಲ್ ಭರ್ತಿ. ಆದರೆ ನಮ್ಮ ಅರ್ಧ ಸದಸ್ಯರು ಅಗಸಿಯಲ್ಲಿ ಇರುವುದಿಲ್ಲ, ಊರಿಂದ ಎರಡು ಮೂರು ಕಿಲೋಮೀಟರ್ ಆಚೆ ಕಬ್ಬಿನ ನಡುವೆ ಇರುತ್ತಾರೆ. ಸೇವೆ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು ಕೇಂದ್ರ ಸರ್ಕಾರ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು, ಕೆಲಸ ಬಿ.ಎಸ್.ಎನ್.ಎಲ್.ಗೆ ಬಂತು. ಅಂತಹ ಯೋಜನೆಯೂ ಎಣಿಸುವುದು ಹಳ್ಳಿಯನ್ನೇ. ತೋಟದ ವಸತಿಯನ್ನು ಎಣಿಸುವ ಕಾಲಮ್ಮು ಯಾವ ಪಟ್ಟಿಯಲ್ಲೂ ನಮಗೆ ಕಂಡಿಲ್ಲ.

"ನಾವ ಕಟ್ಟಿಕೊಳ್ಳೋಣ ಬಿಡ್ರಿ" ಎಂದು ಕಳೆದ ಸಭೆಯಲ್ಲಿ ಒಬ್ಬ ಯುವಕರು ಎದ್ದರು. ಅವರ ಹುರುಪು ನಮಗೆ ಹಿಡಿಸಿತು. ಸರ್ಕಾರ ಕಟ್ಟಲಿಲ್ಲವೆಂದು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈ ಮುರಿದು ದುಡಿದು, 1989ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟಿದ ನಾಡು ಇದು. ಆದರೆ ನೀರಿಗೆ ಗೋಡೆ ಕಟ್ಟಿದಂತೆ ಅಲೆಗೆ ಕಟ್ಟಲು ಬರುವುದಿಲ್ಲ. ಅಲೆ ಸಾರ್ವಜನಿಕ ಸ್ವತ್ತು ಎಂದು 1995ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ನಿಜ. ಅದನ್ನು ಹಂಚುವ ಅಧಿಕಾರ ಮಾತ್ರ ದೆಹಲಿಯದು. ಪರವಾನಗಿ ಇಲ್ಲದೆ ಮೊಬೈಲ್ ಟವರ್ ಹಾಕಿದರೆ ಅಪರಾಧವಾಗುತ್ತದೆ. ಮೆಕ್ಸಿಕೋ ದೇಶದ ತಲೆಆ ದೆ ಕಾಸ್ತ್ರೋ ಎಂಬ ಗುಡ್ಡದ ಹಳ್ಳಿಗೆ ಕಂಪನಿಗಳು ಬರಲೊಲ್ಲೆ ಎಂದಾಗ, 2013ರಲ್ಲಿ ಊರವರೇ ತಮ್ಮ ಮೊಬೈಲ್ ಜಾಲ ಹಾಕಿಕೊಂಡರು. ಅಂತಹ ಸಮುದಾಯಗಳಿಗೆ 2016ರಲ್ಲಿ ಅಲ್ಲಿನ ಸರ್ಕಾರಿ ಸಂಸ್ಥೆ ಅಧಿಕೃತ ಪರವಾನಗಿಯನ್ನೂ ಕೊಟ್ಟಿತು. ನಮ್ಮಲ್ಲೂ ಹಾಗೆ ಕೇಳಬಹುದು, ಕೇಳಬೇಕು. ಆದರೆ ಅದು ಬಹಳ ದಿನದ ಕೆಲಸ.

ಈಗ ಆಗುವ ಕೆಲಸ ಒಂದಿದೆ, ಆಡಳಿತ ಮಂಡಳಿ ಒಪ್ಪಿದೆ. ಸಂಘದ ಕೌಂಟರಿನ ಪಕ್ಕ ಒಂದು ರಿಜಿಸ್ಟರ್ ಇಟ್ಟಿದ್ದೇವೆ. ತೋಟದಲ್ಲಿ ಇರುವ ಸದಸ್ಯರು ತಮ್ಮ ಸರ್ವೆ ನಂಬರು, ಮನೆಯಲ್ಲಿ ಎಷ್ಟು ಮಂದಿ, ಶಾಲೆಗೆ ಹೋಗುವ ಮಕ್ಕಳೆಷ್ಟು, ಯಾವ ಕಂಪನಿಯ ಸಿಮ್, ಸಿಗ್ನಲ್ ಒಳಗೆ ಬರುತ್ತದೋ, ಅಂಗಳದಲ್ಲೋ, ಎಲ್ಲಿಯೂ ಇಲ್ಲವೋ ಎಂದು ಬರೆಸಬೇಕು. ಬರೆಯಲು ಬಾರದ ತಾಯಂದಿರು ಹೇಳಿದರೆ ಸಾಕು, ಗುಮಾಸ್ತರು ಬರೆದುಕೊಳ್ಳುತ್ತಾರೆ. ಮುಂದಿನ ಮಹಾಸಭೆಯಲ್ಲಿ ಅದನ್ನು ಓದಿ ಠರಾವು ಮಾಡಿ ಗ್ರಾಮ ಪಂಚಾಯತಿ, ತಹಶೀಲ್ದಾರರು, ಲೋಕಸಭಾ ಸದಸ್ಯರು ಮತ್ತು ದೂರಸಂಪರ್ಕ ಇಲಾಖೆಗೆ ಕಳಿಸುತ್ತೇವೆ. ಅಕ್ಕಪಕ್ಕದ ಸಂಘಗಳವರೂ ಇವತ್ತು ಬಂದಿದ್ದೀರಿ, ನಾಲ್ಕೂ ತಾಲೂಕಿನ ಪಟ್ಟಿ ಕೂಡಿದರೆ ಕಾಗದಕ್ಕೆ ತೂಕ ಬರುತ್ತದೆ.

ಊಟಕ್ಕೆ ಇನ್ನೂ ಅರ್ಧ ತಾಸು ಇದೆಯಂತೆ. ರಿಜಿಸ್ಟರಿನಲ್ಲಿ ಬೆಳಿಗ್ಗೆಯಿಂದ ಹನ್ನೊಂದು ಹೆಸರು ಬಂದಿವೆ. ಉಳಿದವರು ಎಡಗಡೆಯ ಬಾಗಿಲಿನಿಂದ ಹೋಗ್ರಿ, ಬಲಗಡೆ ಪೆಂಡಾಲಿನ ಗದ್ದಲ ಇದೆ.