ಊರಿನ ಜನಸಂಖ್ಯೆಯೂ ಆಸ್ಪತ್ರೆಯ ದಾರಿಯೂ



ಮಾಲೂರಿನ ಸುತ್ತ ಕಾರ್ಖಾನೆಗಳು ಬಂದವು. ಬಾಡಿಗೆ ಮನೆಗಳು ಎದ್ದವು. ಅವುಗಳ ಹಿಂದೆಯೇ ಔಷಧದ ಅಂಗಡಿಗಳೂ ಬಂದವು. ಕೋಲಾರ ಮತ್ತು ಮುಳಬಾಗಿಲಿನ ಹೆದ್ದಾರಿಯ ಬದಿಯಲ್ಲಿಯೂ ಹೀಗೆಯೇ. ಆದರೆ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಕಡೆಯ ಚಿಕ್ಕ ಊರುಗಳಲ್ಲಿ ಜ್ವರದ ಮಾತ್ರೆಗೂ ಬಸ್ಸು ಕಾಯಬೇಕಾಗುತ್ತದೆ.

ಇದಕ್ಕೆ ಕಾರಣ ತಲೆಯೆಣಿಕೆ. ಗಿರಾಕಿಗಳು ಸಾಲದ ಕಡೆ ವರ್ತಕನು ಅಂಗಡಿ ಇಡಲಾರನು. ಸರ್ಕಾರವೂ ಬಯಲುಸೀಮೆಯಲ್ಲಿ 5,000 ಜನರಿಗೆ ಒಂದು ಆರೋಗ್ಯ ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂದು ಲೆಕ್ಕ ಹಾಕುತ್ತದೆ. 2011ರ ಜನಗಣತಿಯಂತೆ ಕೋಲಾರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 386 ಜನರಿದ್ದರು. ಈ ಲೆಕ್ಕದಲ್ಲಿ 13 ಚದರ ಕಿಲೋಮೀಟರಿನೊಳಗೆ 5,000 ಜನರು ಸಿಗುತ್ತಾರೆ. ಜನರು ಅದರ ಅರ್ಧದಷ್ಟೇ ಇರುವ ಕಡೆ ಒಬ್ಬ ಆರೋಗ್ಯ ಸಹಾಯಕಿಯು 26 ಚದರ ಕಿಲೋಮೀಟರು ಸುತ್ತಬೇಕು.

"ಹಾಗಾದರೆ ಮಕ್ಕಳು ಹೆಚ್ಚಾದರೆ ಆಸ್ಪತ್ರೆಯೂ ಬಂದೀತಲ್ಲ?" ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಐವತ್ತು ಮನೆಗಳ ಊರು ಅಷ್ಟು ಬೆಳೆಯಲು ಎಷ್ಟೋ ತಲೆಮಾರುಗಳು ಬೇಕು; ನಿಮ್ಮ ಮನೆಯ ಹೆರಿಗೆ ಈ ವರ್ಷದ್ದು. ಜನ ಕಿಕ್ಕಿರಿದ ಕಡೆಯಲ್ಲಾದರೂ ಆಸ್ಪತ್ರೆ ಹತ್ತಿರವಿರುತ್ತದೆ, ಸರದಿ ಸಾಲು ಉದ್ದವಾಗಿರುತ್ತದೆ.

ಆದುದರಿಂದ ಮಕ್ಕಳ ನಡುವೆ ಮೂರು ವರ್ಷಗಳ ಅಂತರವಿಡುವ ವಿಧಾನವನ್ನು ಆರಿಸುವಾಗ ದಾರಿಯ ದೂರವನ್ನೂ ಎಣಿಸಿರಿ. ಮಾತ್ರೆಯನ್ನು ದಿನವೂ ನುಂಗಬೇಕು. ತೀರುವ ಮೊದಲೇ ಆಶಾ ಕಾರ್ಯಕರ್ತೆಯಿಂದ ಪಡೆದಿಡಬೇಕು. ಅಂತರಾ ಚುಚ್ಚುಮದ್ದಿಗೆ ಮೂರು ತಿಂಗಳಿಗೊಮ್ಮೆ ಹೋಗಬೇಕು. ಕಾಪರ್-ಟಿ ಹಾಕಿಸಿಕೊಂಡರೆ, ಅದರ ಬಗೆಗನುಸಾರವಾಗಿ, ಐದು ಅಥವಾ ಹತ್ತು ವರ್ಷ ನಡೆಯುತ್ತದೆ. ಯಾವುದು ನಿಮಗೆ ಸರಿಹೊಂದುವುದೆಂದು ವೈದ್ಯರನ್ನು ಕೇಳಿರಿ. ಗಂಡಂದಿರೂ ಜೊತೆಗೆ ಹೋಗಿರಿ.

ಗರ್ಭ ನಿಂತದ್ದು ತಿಳಿದೊಡನೆ, 12 ವಾರಗಳೊಳಗೆ, ಹೆಸರು ಬರೆಯಿಸಿ ತಾಯಿ ಕಾರ್ಡು ಪಡೆಯಿರಿ. ಎಂಟನೆಯ ತಿಂಗಳಿಗೆ ಮುನ್ನ ಇಬ್ಬರೂ ಕುಳಿತು ಮಾತನಾಡಿರಿ: ಯಾವ ಆಸ್ಪತ್ರೆ, ನಡುರಾತ್ರಿಯಲ್ಲಿ ಯಾರ ವಾಹನ, ದೊಡ್ಡ ಮಗುವನ್ನು ನೋಡಿಕೊಳ್ಳುವವರು ಯಾರು? 108ಕ್ಕೆ ಕರೆ ಮಾಡಿದರೆ ಬರುವ ವಾಹನಕ್ಕೆ ಹಣ ಕೊಡಬೇಕಾಗಿಲ್ಲ; ಆದರೆ ಅದು ದೂರದಿಂದ ಬರಬೇಕು. ಆದುದರಿಂದ ನೋವು ಆರಂಭವಾದೊಡನೆ ಕರೆಯಿರಿ. "ಇನ್ನೂ ಹೊತ್ತಿದೆ" ಎನ್ನುವವರ ಮಾತಿಗೆ ಕಾಯಬೇಡಿರಿ. ರಕ್ತಸ್ರಾವ, ಮುಖದ ಊತ, ತೀವ್ರ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ನೋವು ಬರುವವರೆಗೂ ಕಾಯಲಾಗದು. ಆ ದಿನವೇ ತಾಲ್ಲೂಕು ಆಸ್ಪತ್ರೆಗೋ ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಿರಿ.

ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸುವುದು ನಮ್ಮ ರೂಢಿ. ತವರು ಗಡಿಯಾಚೆ, ಪುಂಗನೂರು ಅಥವಾ ಮದನಪಲ್ಲಿಯ ಕಡೆಯದಾಗಿದ್ದರೂ 108 ಅಲ್ಲಿಯೂ ನಡೆಯುತ್ತದೆ. ತಾಯಿ ಕಾರ್ಡನ್ನು ಮಾತ್ರ ಸೀರೆಗಳೊಡನೆಯೇ ಪೆಟ್ಟಿಗೆಯಲ್ಲಿರಿಸಿ ಕಳುಹಿಸಿರಿ; ತಲುಪಿದ ವಾರದಲ್ಲಿಯೇ ಅಲ್ಲಿನ ಆಶಾ ಕಾರ್ಯಕರ್ತೆಗೆ ಅದನ್ನು ತೋರಿಸಲಿ.