ತುಟಿಯೂ ದನಿಯೂ

ಮನೆಯ ಹಳೆಯ ವಿ.ಎಚ್.ಎಸ್. ಕ್ಯಾಸೆಟ್ಟುಗಳನ್ನು ಡಿ.ವಿ.ಡಿ.ಗೆ ಇಳಿಸುವವರನ್ನು ಬಹಳವಾಗಿ ಕಾಡುವ ತೊಡಕೆಂದರೆ ತುಟಿಗೂ ದನಿಗೂ ಹೊಂದಿಕೆ ತಪ್ಪುವುದು. ಕಾಲವಾದ ತಾಯಿಯ ತುಟಿ ಮೊದಲು ಅಲುಗಿ, ಮಾತು ಆಮೇಲೆ ಕೇಳಿಸಿದರೆ, ಅದನ್ನು ಬರಿಯ ಯಂತ್ರದೋಷವೆಂದು ನಾನು ಬಿಡಲಾರೆ. ಶಬ್ದಾರ್ಥಗಳ ಕೂಡುವಿಕೆಯನ್ನು ತರಗತಿಯಲ್ಲಿ ವಿವರಿಸುತ್ತಿದ್ದವನಿಗೆ ಇದೂ ಅಂಥದೇ ಒಂದು ಕೂಡುವಿಕೆ.

ಪರೀಕ್ಷೆ ಸುಲಭ. ಮೊದಲು, ನಡು, ಕೊನೆ, ಈ ಮೂರು ಕಡೆ ನೋಡಬೇಕು. ಅಂತರ ಎಲ್ಲೆಡೆ ಒಂದೇ ಆಗಿದ್ದರೆ ದನಿಯನ್ನು ಒಟ್ಟಾಗಿ ಅಷ್ಟು ಸರಿಸಿದರೆ ಸಾಕು. ಬರಬರುತ್ತ ಬೆಳೆಯುತ್ತಿದ್ದರೆ ಕಾರಣ ಬೇರೆ. ಸವೆದ ಟೇಪಿನಿಂದ ಇಳಿಸುವಾಗ ಕೆಲವು ಚಿತ್ರಗಳು ಬಿಟ್ಟುಹೋಗಿರಬಹುದು. ಇಲ್ಲವೇ ಚಿತ್ರವನ್ನೂ ದನಿಯನ್ನೂ ಎರಡು ಉಪಕರಣಗಳು ತಮ್ಮ ತಮ್ಮ ಗಡಿಯಾರದಂತೆ ಅಳೆದಿರಬಹುದು. ಆಗ ಎರಡನ್ನೂ ಒಂದೇ ಉಪಕರಣದಿಂದ ಹೊಸದಾಗಿ ಇಳಿಸುವುದೇ ಲೇಸು. ನಮ್ಮ ಪಾಲ್ ಪದ್ಧತಿಯ ಡಿ.ವಿ.ಡಿ.ಗೆ ಸೆಕೆಂಡಿಗೆ ೨೫ ಚಿತ್ರಗಳು, ದನಿಗೆ ೪೮,೦೦೦ ಮಾದರಿಗಳು ಬೇಕು, ಹಾಡಿನ ಸಿ.ಡಿ.ಯ ೪೪,೧೦೦ ಇಲ್ಲಿ ಸಲ್ಲದು.

ಜಪಾನಿನ ಫುನಾಯ್ ಸಂಸ್ಥೆ ೨೦೧೬ರಲ್ಲಿ ವಿ.ಸಿ.ಆರ್. ತಯಾರಿಕೆಯನ್ನು ನಿಲ್ಲಿಸಿತು. ಉಳಿದಿರುವ ಯಂತ್ರಗಳೂ ಮುದಿಯಾಗುತ್ತಿವೆ. ಆದ್ದರಿಂದ ಕೇಳುಗರಲ್ಲಿ ನನ್ನ ಬಿನ್ನಹವಿಷ್ಟೆ: ಈ ಕೆಲಸವನ್ನು ನಾಳೆಗೆ ಇಡಬೇಡಿ; ಡಿ.ವಿ.ಡಿ.ಯನ್ನು ಕೊನೆಯವರೆಗೆ ನೋಡದೆ ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ.